ರಾತ್ರಿ ನಿಂತು ನಿಂತು ಬರುವ ಉಸಿರು: ಹೃದ್ರೋಗಿಯ ಮನೆಯವರು ತಿಳಿದಿರಬೇಕಾದುದು

ಕೆಲವು ತಿಂಗಳ ಹಿಂದೆ ಅರುವತ್ತರ ಹರೆಯದ ಮಹಿಳೆಯೊಬ್ಬರು ತಮ್ಮ ಪತಿಯನ್ನು ಕರೆದುಕೊಂಡು ನನ್ನ ಚಿಕಿತ್ಸಾಲಯಕ್ಕೆ ಬಂದರು. "ಹಕೀಮ್ ಸಾಹೇಬರೇ, ಇವರಿಗೆ ರಾತ್ರಿ ನಿದ್ದೆಯಿಲ್ಲ. ನಿದ್ದೆ ಬರುವಂಥ ಖಮೀರಾ ಏನಾದರೂ ಕೊಡಿ" ಎಂದರು. ಪತಿಗೆ ಮೂರು ವರ್ಷಗಳ ಹಿಂದೆ ಹೃದಯಾಘಾತವಾಗಿತ್ತು. ಆ ಬಳಿಕ ಹೃದಯದ ಶಕ್ತಿ ಕುಂದಿದೆಯೆಂದು ವೈದ್ಯರು ಹೇಳಿದ್ದರು. ನಾನು ಔಷಧ ಬರೆಯುವ ಮೊದಲು, "ಖಾಲಾ, ರಾತ್ರಿ ಏನಾಗುತ್ತದೆ? ನೀವು ಕಂಡದ್ದನ್ನು ಹೇಳಿ" ಎಂದು ಕೇಳಿದೆ.

ಅವರು ಹೇಳಿದ್ದು ಹೀಗೆ: "ಮೊದಲು ಜೋರಾಗಿ ಉಸಿರಾಡುತ್ತಾರೆ. ಆಮೇಲೆ ಉಸಿರು ಸಣ್ಣದಾಗುತ್ತಾ ಹೋಗಿ ಪೂರ್ತಿ ನಿಂತೇ ಹೋಗುತ್ತದೆ. ನಾನು ತಸ್ಬೀಹ್ ಮಣಿ ಎಣಿಸುತ್ತಾ ಕೂತಿರುತ್ತೇನೆ. ಹದಿನೈದು ಇಪ್ಪತ್ತು ಮಣಿಯಾದ ಮೇಲೆ ಮತ್ತೆ ಮೆಲ್ಲನೆ ಶುರುವಾಗುತ್ತದೆ. ಕೆಲವೊಮ್ಮೆ ಹೆದರಿ ಕೈ ಹಿಡಿದು ಅಲುಗಾಡಿಸುತ್ತೇನೆ."

ಆ ದಿನ ನಾನು ಅವರಿಗೆ ಖಮೀರಾ ಕೊಡಲಿಲ್ಲ. ಹೃದ್ರೋಗ ತಜ್ಞರಿಗೆ ಪತ್ರ ಬರೆದು ಕಳುಹಿಸಿದೆ. ಯಾಕೆಂದರೆ ಅವರ ತೊಂದರೆ ನಿದ್ದೆಯ ಕೊರತೆಯಷ್ಟೇ ಆಗಿರಲಿಲ್ಲ. ದುರ್ಬಲ ಹೃದಯದ ಕಾರಣ ನಿದ್ದೆಯಲ್ಲಿ ಉಸಿರಿನ ಲಯ ತಪ್ಪುತ್ತಿತ್ತು. ಅಂಥವರಿಗೆ ನಿದ್ದೆಯ ಔಷಧ ಕೊಟ್ಟರೆ ಅಪಾಯವಾಗಬಹುದು. ಹೃದ್ರೋಗಿಗಳಿರುವ ಎಲ್ಲ ಮನೆಗಳಲ್ಲೂ ಈ ವಿಷಯ ತಿಳಿದಿರಬೇಕು.

ಹೃದಯ ವೈಫಲ್ಯ ಎಂದರೇನು?

'ಹಾರ್ಟ್ ಫೇಲ್ಯೂರ್' ಎಂಬ ಹೆಸರು ಕೇಳಿ ಹೃದಯ ನಿಂತೇ ಹೋಯಿತೆಂದು ಹಲವರು ಹೆದರುತ್ತಾರೆ. ಹಾಗಲ್ಲ. ದೇಹಕ್ಕೆ ಬೇಕಾದಷ್ಟು ರಕ್ತವನ್ನು ಹೃದಯ ಸರಿಯಾಗಿ ಪಂಪ್ ಮಾಡಲಾಗದ ಸ್ಥಿತಿಗೆ ಆ ಹೆಸರು. ಹೃದಯಾಘಾತ, ಹಲವು ವರ್ಷಗಳ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕವಾಟದ ರೋಗ ಮುಂತಾದವು ಇದಕ್ಕೆ ಕಾರಣ. ರಕ್ತ ಮುಂದಕ್ಕೆ ಸಾಗದಿದ್ದಾಗ ದೇಹದಲ್ಲಿ ನೀರು ನಿಲ್ಲುತ್ತದೆ. ಹಗಲು ಕಾಲು ಬಾತುಕೊಳ್ಳುತ್ತದೆ. ಮಲಗಿದಾಗ ಕಾಲಿನಲ್ಲಿದ್ದ ಆ ನೀರು ಎದೆ ಮತ್ತು ಕತ್ತಿನ ಕಡೆಗೆ ಹರಿಯುತ್ತದೆ. ಹಗಲೆಲ್ಲ ಕುರ್ಚಿಯಲ್ಲಿ ಆರಾಮವಾಗಿದ್ದವರು ರಾತ್ರಿ ಕಷ್ಟಪಡುವುದಕ್ಕೆ ಇದೊಂದು ಮುಖ್ಯ ಕಾರಣ.

ಹೃದಯ ವೈಫಲ್ಯವಿರುವವರಲ್ಲಿ ಸುಮಾರು ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಜನರಿಗೆ ನಿದ್ದೆಯಲ್ಲಿ ಉಸಿರಾಟದ ತೊಂದರೆ ಇರುತ್ತದೆ. ಆದರೆ ಹೆಚ್ಚಿನವರಿಗೆ ಅದು ಗೊತ್ತೇ ಇರುವುದಿಲ್ಲ. ಸಾಮಾನ್ಯ ಜನರಲ್ಲಿ ಈ ತೊಂದರೆಯಿದ್ದರೆ ಹಗಲು ತೂಕಡಿಕೆ ಬರುತ್ತದೆ. ಹೃದ್ರೋಗಿಗಳಲ್ಲಿ ಅನೇಕರಿಗೆ ತೂಕಡಿಕೆಯೂ ಇರುವುದಿಲ್ಲ. ಬರೀ ಆಯಾಸ ಇರುತ್ತದೆ. ಅದನ್ನು ಹೃದಯದ ಕಾಯಿಲೆಯ ಖಾತೆಗೆ ಬರೆದು ಸುಮ್ಮನಾಗುತ್ತೇವೆ.

ಎರಡು ಬಗೆ, ಎರಡು ಕಾರಣ

ನಿದ್ದೆಯಲ್ಲಿ ಉಸಿರು ಹತ್ತು ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ನಿಲ್ಲುವುದನ್ನು 'ಆಪ್ನಿಯಾ' ಎನ್ನುತ್ತಾರೆ. ಇದರಲ್ಲಿ ಮುಖ್ಯವಾಗಿ ಎರಡು ಬಗೆ.

ಮೊದಲನೆಯದು ಅಡಚಣೆಯ ಬಗೆ. ನಿದ್ದೆಯಲ್ಲಿ ಗಂಟಲಿನ ಮಾಂಸಖಂಡ ಸಡಿಲವಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಎದೆ ಹೊಟ್ಟೆ ಎಳೆದಾಡುತ್ತವೆ, ಆದರೆ ಗಾಳಿ ಒಳಗೆ ಹೋಗುವುದಿಲ್ಲ. ಜೋರು ಗೊರಕೆ, ನಡುವೆ ಮೌನ, ಮತ್ತೆ ಉಸಿರು ಕಟ್ಟಿದಂತೆ ಬೆಚ್ಚಿ ಏಳುವುದು ಇದರ ಲಕ್ಷಣ. ದಪ್ಪ ಕತ್ತು, ಬೊಜ್ಜು ಇರುವವರಲ್ಲಿ ಹೆಚ್ಚು.

ಎರಡನೆಯದು ಕೇಂದ್ರೀಯ ಬಗೆ. ಇಲ್ಲಿ ದಾರಿ ತೆರೆದೇ ಇರುತ್ತದೆ, ಆದರೆ 'ಉಸಿರಾಡು' ಎಂಬ ಆಜ್ಞೆ ಮೆದುಳಿನಿಂದ ಬರುವುದಿಲ್ಲ. ಎದೆ ಹೊಟ್ಟೆ ಎರಡೂ ಅಲುಗಾಡದೆ ನಿಲ್ಲುತ್ತವೆ. ಬಳಿಕ ಉಸಿರು ಮೆಲ್ಲನೆ ಆರಂಭವಾಗಿ, ಏರುತ್ತಾ ಹೋಗಿ, ಮತ್ತೆ ಇಳಿಯುತ್ತಾ ನಿಲ್ಲುತ್ತದೆ. ಖಾಲಾ ಹೇಳಿದ್ದು ಇದೇ ಚಿತ್ರ. ವೈದ್ಯರು ಇದನ್ನು 'ಚೇನ್-ಸ್ಟೋಕ್ಸ್ ಉಸಿರಾಟ' ಎನ್ನುತ್ತಾರೆ. ಐರ್‌ಲೆಂಡಿನ ಡಬ್ಲಿನ್ ನಗರದಲ್ಲಿ ವೈದ್ಯರಾಗಿದ್ದ ಜಾನ್ ಚೇನ್ 1818ರಲ್ಲಿ ತಮ್ಮ ರೋಗಿಯೊಬ್ಬರಲ್ಲಿ ಇದನ್ನು ಕಂಡು ಬರೆದರು. ಅದೇ ನಗರದ ವಿಲಿಯಂ ಸ್ಟೋಕ್ಸ್ 1854ರಲ್ಲಿ ಹೃದ್ರೋಗಗಳ ಕುರಿತ ತಮ್ಮ ಗ್ರಂಥದಲ್ಲಿ ಇದನ್ನು ವಿವರಿಸಿದರು. ಆಗ ಯಾವ ಯಂತ್ರವೂ ಇರಲಿಲ್ಲ. ಹಾಸಿಗೆಯ ಪಕ್ಕ ಕುಳಿತು, ಕಣ್ಣಿನಿಂದ ನೋಡಿ ತಿಳಿದದ್ದು. ಮನೆಯವರೂ ಹಾಗೆಯೇ ನೋಡಿ ತಿಳಿಯಬಹುದು.

ಹೃದಯ ದುರ್ಬಲವಾದರೆ ಉಸಿರು ಯಾಕೆ ನಿಲ್ಲಬೇಕು? ಒಂದು ಉದಾಹರಣೆ ನೋಡೋಣ. ಗೀಸರ್ ಒಂದು ಕಡೆ, ಬಚ್ಚಲಿನ ನಲ್ಲಿ ಬಹಳ ದೂರದಲ್ಲಿ ಇದೆ ಎಂದುಕೊಳ್ಳಿ. ನೀರು ತಣ್ಣಗಿದೆಯೆಂದು ಬಿಸಿನೀರಿನ ನಲ್ಲಿ ತಿರುಗಿಸುತ್ತೀರಿ. ತಕ್ಷಣ ಬಿಸಿ ಬರುವುದಿಲ್ಲ, ಇನ್ನಷ್ಟು ತಿರುಗಿಸುತ್ತೀರಿ. ಸ್ವಲ್ಪ ಹೊತ್ತಿನಲ್ಲಿ ಕೈ ಸುಡುವಷ್ಟು ನೀರು ಬರುತ್ತದೆ. ಗಾಬರಿಯಿಂದ ಮುಚ್ಚುತ್ತೀರಿ. ಮತ್ತೆ ತಣ್ಣಗಾಗುತ್ತದೆ. ಮೆದುಳಿಗೂ ಹೀಗೆಯೇ ಆಗುತ್ತದೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟಿದೆ ಎಂದು ನೋಡಿ ಮೆದುಳು ಉಸಿರನ್ನು ಹೆಚ್ಚು ಕಡಿಮೆ ಮಾಡುತ್ತದೆ. ಹೃದಯ ದುರ್ಬಲವಾಗಿದ್ದರೆ ಶ್ವಾಸಕೋಶದಿಂದ ರಕ್ತ ಮೆದುಳಿಗೆ ತಲುಪುವುದು ತಡವಾಗುತ್ತದೆ. ಜೊತೆಗೆ ಶ್ವಾಸಕೋಶದಲ್ಲಿ ನೀರು ತುಂಬಿದ್ದರೆ ರೋಗಿ ತನಗರಿವಿಲ್ಲದೆ ಬೇಗ ಬೇಗ ಉಸಿರಾಡುತ್ತಾನೆ. ಆಗ ಇಂಗಾಲದ ಡೈಆಕ್ಸೈಡ್ ತೀರಾ ಕಡಿಮೆಯಾಗಿ, ಮೆದುಳು ಉಸಿರಾಟ ನಿಲ್ಲಿಸುತ್ತದೆ. ಅದು ಮತ್ತೆ ಹೆಚ್ಚಾದಾಗ ಉಸಿರು ಆರಂಭವಾಗುತ್ತದೆ. ರಾತ್ರಿಯಿಡೀ ಇದೇ ಏರಿಳಿತ.

ಪ್ರತಿ ಬಾರಿ ಉಸಿರು ನಿಂತಾಗಲೂ ರಕ್ತದ ಆಮ್ಲಜನಕ ಇಳಿಯುತ್ತದೆ, ನಿದ್ದೆ ಅರೆಬರೆ ಮುರಿಯುತ್ತದೆ, ರಕ್ತದೊತ್ತಡ ಏರುತ್ತದೆ. ವಿಶ್ರಾಂತಿ ಸಿಗಬೇಕಾದ ಹೊತ್ತಿನಲ್ಲಿ ಹೃದಯಕ್ಕೆ ಇನ್ನಷ್ಟು ದುಡಿಮೆ.

ಮನೆಯವರು ಗಮನಿಸಬೇಕಾದ ಲಕ್ಷಣಗಳು

• ನಿದ್ದೆಯಲ್ಲಿ ಉಸಿರು ಪದೇ ಪದೇ ನಿಲ್ಲುವುದು, ಅಥವಾ ಏರಿ ಇಳಿದು ನಿಲ್ಲುವುದು.
• ಜೋರು ಗೊರಕೆ, ಉಸಿರು ಕಟ್ಟಿ ಎದ್ದು ಕೂರುವುದು.
• ಮೊದಲು ಒಂದು ದಿಂಬು ಸಾಕಾಗಿದ್ದವರಿಗೆ ಈಗ ಎರಡು ಮೂರು ಬೇಕಾಗುವುದು, ಕುರ್ಚಿಯಲ್ಲೇ ನಿದ್ದೆ ಮಾಡುವುದು.
• ರಾತ್ರಿ ಹಲವು ಬಾರಿ ಮೂತ್ರಕ್ಕೆ ಏಳುವುದು.
• ಬೆಳಿಗ್ಗೆ ತಲೆನೋವು, ಹಗಲು ಆಯಾಸ, ಮರೆವು, ಸಿಡಿಮಿಡಿ.
• ರುಕೂಅ್ ಅಥವಾ ಸುಜೂದ್‌ಗೆ ಬಾಗಿದಾಗ ಉಸಿರು ಕಟ್ಟಿದಂತಾಗುವುದು.

ಕೊನೆಯದನ್ನು ವಿಶೇಷವಾಗಿ ಗಮನಿಸಿ. ಮುಂದಕ್ಕೆ ಬಾಗಿದಾಗ ಅರ್ಧ ನಿಮಿಷದೊಳಗೆ ಏದುಸಿರು ಬಂದರೆ ಹೃದಯದ ಮೇಲೆ ಒತ್ತಡ ಹೆಚ್ಚಾಗಿದೆ ಎಂಬ ಸೂಚನೆ ಇರಬಹುದು. ಇತರರಿಗೆ ಚಪ್ಪಲಿ ಹಾಕುವಾಗ ಗೊತ್ತಾಗುವ ಈ ಲಕ್ಷಣ ನಮ್ಮವರಿಗೆ ದಿನಕ್ಕೆ ಐದು ಬಾರಿ ನಮಾಝ್‌ನಲ್ಲಿ ಗೊತ್ತಾಗುತ್ತದೆ. ವಯಸ್ಸಾಯಿತು ಎಂದು ಕುರ್ಚಿ ಹಾಕಿಕೊಂಡು ಸುಮ್ಮನಾಗಬೇಡಿ. ಕುರ್ಚಿಯಲ್ಲಿ ಕುಳಿತು ನಮಾಝ್ ಮಾಡಲಿ, ಜೊತೆಗೆ ವೈದ್ಯರಿಗೂ ಹೇಳಲಿ.

ಪರೀಕ್ಷೆ ಹೇಗೆ?

ರೋಗಿಗೆ ತಿಳಿಸಿ, ಅವರ ಒಪ್ಪಿಗೆ ಪಡೆದು, ಮಲಗಿದ್ದಾಗ ಎದೆ ಹೊಟ್ಟೆ ಕಾಣುವಂತೆ ನಾಲ್ಕೈದು ನಿಮಿಷ ಮೊಬೈಲಿನಲ್ಲಿ ವಿಡಿಯೋ ತೆಗೆದಿಡಿ. ವೈದ್ಯರಿಗೆ ಇದು ತುಂಬಾ ಉಪಯುಕ್ತ. ಆದರೆ ಎರಡು ಬಗೆಗಳಲ್ಲಿ ಯಾವುದೆಂದು ಖಚಿತವಾಗಲು ನಿದ್ರಾ ಪರೀಕ್ಷೆಯೇ ಬೇಕು. ಒಂದು ರಾತ್ರಿ ಆಸ್ಪತ್ರೆಯಲ್ಲಿ ಮಲಗಿಸಿ ಮೂಗಿನ ಗಾಳಿ, ಎದೆ ಹೊಟ್ಟೆಯ ಚಲನೆ, ಆಮ್ಲಜನಕ, ಹೃದಯದ ಲಯ, ಮೆದುಳಿನ ಅಲೆಗಳನ್ನು ದಾಖಲಿಸುತ್ತಾರೆ. ಮನೆಯಲ್ಲೇ ಮಾಡುವ ಸರಳ ಪರೀಕ್ಷೆಯೂ ಇದೆ. ಆದರೆ ಹೃದಯ ವೈಫಲ್ಯವಿರುವವರಿಗೆ ಆಸ್ಪತ್ರೆಯ ಪೂರ್ಣ ಪರೀಕ್ಷೆಯೇ ಉತ್ತಮ.

ವರದಿಯಲ್ಲಿ ಗಂಟೆಗೆ ಎಷ್ಟು ಬಾರಿ ಉಸಿರು ನಿಂತಿತು ಅಥವಾ ತೀರಾ ಕಡಿಮೆಯಾಯಿತು ಎಂಬ ಸಂಖ್ಯೆ ಇರುತ್ತದೆ. 5ಕ್ಕಿಂತ ಕಡಿಮೆಯಿದ್ದರೆ ಸಹಜ. 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, 30ಕ್ಕಿಂತ ಹೆಚ್ಚು ತೀವ್ರ. ಇದರ ಜೊತೆಗೆ 'ಎಕೋ' ಪರೀಕ್ಷೆಯಲ್ಲಿ ಬರುವ 'ಎಜೆಕ್ಷನ್ ಫ್ರಾಕ್ಷನ್' ಎಂಬ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಿ. ಹೃದಯದ ಎಡ ಕೋಣೆ ತನ್ನಲ್ಲಿರುವ ರಕ್ತದ ಎಷ್ಟು ಪಾಲನ್ನು ಒಂದು ಬಡಿತಕ್ಕೆ ಹೊರಹಾಕುತ್ತದೆ ಎಂಬುದನ್ನು ಅದು ಹೇಳುತ್ತದೆ. ಯಾವ ಯಂತ್ರ ಯೋಗ್ಯ, ಯಾವುದು ಅಲ್ಲ ಎಂಬುದು ಈ ಸಂಖ್ಯೆಯನ್ನೂ ಅವಲಂಬಿಸಿದೆ.

ಮೊದಲ ಚಿಕಿತ್ಸೆ ಹೃದಯಕ್ಕೆ

ಎರಡೂ ಬಗೆಗಳಲ್ಲಿ ಮೊದಲ ಹೆಜ್ಜೆ ಒಂದೇ: ಹೃದಯ ವೈಫಲ್ಯದ ಚಿಕಿತ್ಸೆ ಸರಿಯಾಗಿ ನಡೆಯಬೇಕು. ದೇಹದಲ್ಲಿ ನಿಂತ ನೀರು ಹೊರಹೋದರೆ, ಹೃದಯದ ಶಕ್ತಿ ಹೆಚ್ಚಿದರೆ, ಅನೇಕರಲ್ಲಿ ಉಸಿರು ನಿಲ್ಲುವುದೂ ಕಡಿಮೆಯಾಗುತ್ತದೆ. ಕೇಂದ್ರೀಯ ಬಗೆಯಲ್ಲಂತೂ ಇದೇ ಮುಖ್ಯ ಚಿಕಿತ್ಸೆ.

ನನ್ನ ಬಳಿ ಬಂದವರ ವಿಷಯದಲ್ಲಿ ಇನ್ನೊಂದು ಸಂಗತಿ ಹೊರಬಂತು. ಅವರು ಮೂತ್ರ ಹೋಗುವ ಮಾತ್ರೆಯನ್ನು ಎರಡು ತಿಂಗಳಿಂದ ತಾವಾಗಿಯೇ ಬಿಟ್ಟಿದ್ದರು. "ಮಸೀದಿಗೆ ಹೋದರೆ ವುಝೂ ನಿಲ್ಲುವುದಿಲ್ಲ, ಬಸ್ಸಿನಲ್ಲಿ ಹೋಗುವಂತಿಲ್ಲ" ಎಂಬುದು ಅವರ ಕಾರಣ. ಈ ಮಾತನ್ನು ನಾನು ಬಹಳ ಮಂದಿಯಿಂದ ಕೇಳಿದ್ದೇನೆ. ಅವರ ಕಷ್ಟ ನಿಜ. ಆದರೆ ಪರಿಹಾರ ಮಾತ್ರೆ ಬಿಡುವುದಲ್ಲ, ಹೊತ್ತು ಬದಲಿಸುವುದು. ಮಾತ್ರೆ ತೆಗೆದುಕೊಂಡ ಕೆಲವು ಗಂಟೆ ಮಾತ್ರ ಮೂತ್ರ ಹೆಚ್ಚು. ಶುಕ್ರವಾರ ಜುಮಾ ಮುಗಿಸಿ ಬಂದ ಮೇಲೆ ತೆಗೆದುಕೊಳ್ಳಬಹುದೇ, ಪ್ರಯಾಣದ ದಿನ ಯಾವಾಗ ಎಂದು ವೈದ್ಯರನ್ನು ಕೇಳಿದರೆ ದಾರಿ ಹೇಳುತ್ತಾರೆ.

ಯಂತ್ರ ಎಲ್ಲರಿಗೂ ಅಲ್ಲ

ಖಾಲಾ ಅವರ ಮಗ ಗಲ್ಫ್‌ನಲ್ಲಿದ್ದಾನೆ. ಅಲ್ಲಿ ಪರಿಚಯದವರೊಬ್ಬರು ಗೊರಕೆಗೆ ಬಳಸುತ್ತಿದ್ದ ಯಂತ್ರವನ್ನು ಕೊಂಡು ಕಳುಹಿಸುತ್ತೇನೆ ಎಂದಿದ್ದ. ತಂದೆಯ ಮೇಲಿನ ಪ್ರೀತಿಯ ಮಾತು. ಆದರೆ ಇಲ್ಲಿ ಅವಸರ ಬೇಡ.

'ಸಿಪ್ಯಾಪ್' ಎಂಬ ಯಂತ್ರ ಮೂಗಿನ ಮಾಸ್ಕ್ ಮೂಲಕ ಗಾಳಿಯನ್ನು ಒಂದೇ ಒತ್ತಡದಲ್ಲಿ ಬಿಡುತ್ತಾ ಗಂಟಲಿನ ದಾರಿಯನ್ನು ತೆರೆದಿಡುತ್ತದೆ. ಆಸ್ಟ್ರೇಲಿಯಾದ ಕಾಲಿನ್ ಸಲಿವನ್ ಮತ್ತು ಸಂಗಡಿಗರು 1981ರಲ್ಲಿ ಇದನ್ನು ಪ್ರಕಟಿಸಿದರು. ಅಡಚಣೆಯ ಬಗೆಗೆ ಇದು ಉತ್ತಮ ಚಿಕಿತ್ಸೆ. 2003ರಲ್ಲಿ ಪ್ರಕಟವಾದ ಕೆನಡಾದ ಒಂದು ಸಣ್ಣ ಅಧ್ಯಯನದಲ್ಲಿ, ಅಡಚಣೆಯ ಬಗೆಯಿದ್ದ 24 ಹೃದಯ ವೈಫಲ್ಯದ ರೋಗಿಗಳ ಪೈಕಿ ಈ ಯಂತ್ರ ಬಳಸಿದವರ ಎಜೆಕ್ಷನ್ ಫ್ರಾಕ್ಷನ್ ಒಂದು ತಿಂಗಳಲ್ಲಿ ಸರಾಸರಿ 25ರಿಂದ 34 ಶೇಕಡಾಕ್ಕೆ ಏರಿತು.

ಕೇಂದ್ರೀಯ ಬಗೆಯ ಕಥೆ ಬೇರೆ. 2005ರಲ್ಲಿ ಪ್ರಕಟವಾದ ಕೆನಡಾದ ಇನ್ನೊಂದು ಅಧ್ಯಯನದಲ್ಲಿ 258 ರೋಗಿಗಳಿದ್ದರು. ಸಿಪ್ಯಾಪ್‌ನಿಂದ ಉಸಿರು ನಿಲ್ಲುವುದು ಕಡಿಮೆಯಾಯಿತು, ಆದರೆ ಆಯುಷ್ಯ ಹೆಚ್ಚಲಿಲ್ಲ. ಬಳಿಕ 'ಎ.ಎಸ್.ವಿ.' ಎಂಬ ಹೆಚ್ಚು ಚುರುಕಾದ ಯಂತ್ರ ಬಂತು. ಉಸಿರು ಕಡಿಮೆಯಾದಾಗ ಅದೇ ಗುರುತಿಸಿ ಗಾಳಿ ತಳ್ಳುತ್ತದೆ. ಎಲ್ಲರಿಗೂ ಅದರ ಮೇಲೆ ಬಹಳ ನಿರೀಕ್ಷೆಯಿತ್ತು. ಆದರೆ 2015ರಲ್ಲಿ ಪ್ರಕಟವಾದ 'ಸರ್ವ್-ಎಚ್ಎಫ್' ಎಂಬ ಅಧ್ಯಯನ ವೈದ್ಯಲೋಕವನ್ನೇ ಬೆಚ್ಚಿಬೀಳಿಸಿತು. ಎಜೆಕ್ಷನ್ ಫ್ರಾಕ್ಷನ್ 45 ಶೇಕಡಾ ಅಥವಾ ಅದಕ್ಕಿಂತ ಕಡಿಮೆಯಿದ್ದು, ಮುಖ್ಯವಾಗಿ ಕೇಂದ್ರೀಯ ಬಗೆಯಿದ್ದ 1325 ರೋಗಿಗಳು ಅದರಲ್ಲಿದ್ದರು. ಯಂತ್ರ ಬಳಸಿದವರ ಉಸಿರಿನ ಲೆಕ್ಕ ಚೆನ್ನಾಯಿತು. ಆದರೆ ಸಾವು ಹೆಚ್ಚಾಯಿತು: ಯಂತ್ರವಿದ್ದವರಲ್ಲಿ 34.8 ಶೇಕಡಾ, ಇಲ್ಲದವರಲ್ಲಿ 29.3 ಶೇಕಡಾ. ಬೇರೆ ಬಗೆಯ ಎ.ಎಸ್.ವಿ. ಯಂತ್ರ ಬಳಸಿದ, 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಂಥ ಹಾನಿ ಕಾಣಲಿಲ್ಲ. ಆದರೆ ಸಾವು ಅಥವಾ ಆಸ್ಪತ್ರೆ ಸೇರುವುದು ಕಡಿಮೆಯಾಯಿತೆಂದೂ ಸಾಬೀತಾಗಲಿಲ್ಲ.

ಇದರಿಂದ ನಾವು ಕಲಿಯಬೇಕಾದದ್ದು ಇಷ್ಟು. ಯಂತ್ರದ ಪರದೆಯಲ್ಲಿ ಬರುವ ಸಂಖ್ಯೆ ಚೆನ್ನಾಗಿದೆ ಎಂದರೆ ರೋಗಿ ಸುರಕ್ಷಿತ ಎಂದರ್ಥವಲ್ಲ. ಒಬ್ಬರಿಗೆ ಒಳ್ಳೆಯದಾದ ಯಂತ್ರ ಇನ್ನೊಬ್ಬರಿಗೆ ಹಾನಿಯಾಗಬಹುದು. ಹೃದಯ ವೈಫಲ್ಯವಿರುವವರಿಗೆ ಪರೀಕ್ಷೆ ಮತ್ತು ತಜ್ಞರ ಸಲಹೆಯಿಲ್ಲದೆ ಯಾವ ಉಸಿರಾಟದ ಯಂತ್ರವನ್ನೂ ಹಾಕಬೇಡಿ. ಆಮ್ಲಜನಕದ ಯಂತ್ರಕ್ಕೂ ಈ ಮಾತು ಅನ್ವಯ.

ವೈದ್ಯರು ಸಿಪ್ಯಾಪ್ ಹೇಳಿದ್ದರೆ ಪ್ರತಿ ರಾತ್ರಿ ಬಳಸಿ. ಗಡ್ಡವಿರುವವರಿಗೆ ಇಡೀ ಮುಖದ ಮಾಸ್ಕ್‌ನ ಅಂಚಿನಿಂದ ಗಾಳಿ ಸೋರುವುದುಂಟು. ಅವರು ಮೂಗಿನ ಹೊಳ್ಳೆಗೆ ಮಾತ್ರ ಕೂರುವ ಸಣ್ಣ ಮಾಸ್ಕ್ ಕೇಳಬಹುದು. ಮಾಸ್ಕನ್ನು ದಿನವೂ ಸೌಮ್ಯ ಸೋಪಿನ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ. ನೀರಿನ ತೊಟ್ಟಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ, ದಿನವೂ ಬದಲಿಸಿ. ತಹಜ್ಜುದ್ ಅಥವಾ ಫಜ್ರ್ ಬಳಿಕ ಮತ್ತೆ ಮಲಗುವುದಾದರೆ ಮಾಸ್ಕ್ ಹಾಕಲು ಮರೆಯಬೇಡಿ.

ಯುನಾನಿ ವೈದ್ಯನಾಗಿ ಕೆಲವು ಮಾತು

ನಮ್ಮ ಯುನಾನಿ ಪದ್ಧತಿಯಲ್ಲಿ ಆರೋಗ್ಯಕ್ಕೆ ಅತ್ಯಗತ್ಯವಾದ ಆರು ವಿಷಯಗಳನ್ನು 'ಅಸ್ಬಾಬೆ ಸಿತ್ತಾ ಝರೂರಿಯ್ಯ' ಎನ್ನುತ್ತಾರೆ. ಗಾಳಿ ಅವುಗಳಲ್ಲಿ ಮೊದಲನೆಯದು. ನಿದ್ದೆ ಮತ್ತು ಎಚ್ಚರವೂ ಅದರಲ್ಲಿದೆ. ಇಬ್ನು ಸೀನಾರು ಹೃದಯದ ಔಷಧಗಳ ಬಗ್ಗೆಯೇ ಪ್ರತ್ಯೇಕ ಕೃತಿ ಬರೆದಿದ್ದಾರೆ. ಈ ಪರಂಪರೆಯ ಮೇಲೆ ನನಗೆ ಗೌರವವಿದೆ. ಆ ಗೌರವದಿಂದಲೇ ಹೇಳುತ್ತೇನೆ: ಹೃದಯ ವೈಫಲ್ಯದ ಮಾತ್ರೆಗಳನ್ನು ನಿಲ್ಲಿಸಿ ಅವುಗಳ ಜಾಗದಲ್ಲಿ ಖಮೀರಾ, ಮಾಜೂನ್ ತಿನ್ನುವುದು ಯುನಾನಿ ಚಿಕಿತ್ಸೆಯಲ್ಲ, ಜೀವದ ಜೊತೆ ಆಟ.

ಕೆಲವು ಎಚ್ಚರಿಕೆಗಳು:

• ಅಸ್ಲುಸ್ಸೂಸ್, ಅಂದರೆ ಜೇಷ್ಠಮಧು, ಕೆಮ್ಮಿನ ಹಲವು ಔಷಧಗಳಲ್ಲಿ ಇರುತ್ತದೆ. ಹೆಚ್ಚು ಬಳಸಿದರೆ ಅದು ದೇಹದಲ್ಲಿ ಉಪ್ಪು ನೀರು ನಿಲ್ಲಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ. ಹೃದಯ ವೈಫಲ್ಯವಿರುವವರಿಗೆ, ಡಿಗಾಕ್ಸಿನ್ ಮಾತ್ರೆ ತಿನ್ನುವವರಿಗೆ ಇದು ಅಪಾಯ. ರಾತ್ರಿ ಮಲಗಿದಾಗ ಬರುವ ಕೆಮ್ಮು ಶ್ವಾಸಕೋಶದಲ್ಲಿ ನೀರು ತುಂಬಿದ್ದರಿಂದಲೂ ಇರಬಹುದು.
• ಖುರಾಸಾನಿ ಅಜವಾನದಂಥ ಮತ್ತು ಬರಿಸುವ ಮೂಲಿಕೆಗಳಿರುವ ಔಷಧ ಬೇಡ. ಅಂಗಡಿಯಿಂದ ತರುವ ನಿದ್ದೆ ಮಾತ್ರೆಯೂ ಬೇಡ. ಇವು ಉಸಿರಾಟವನ್ನು ಇನ್ನಷ್ಟು ಕುಗ್ಗಿಸಬಹುದು.
• ಖಮೀರಾಗಳಲ್ಲಿ ಸಕ್ಕರೆ ಅಥವಾ ಜೇನಿನ ಪಾಕವೇ ಹೆಚ್ಚು. ಸಕ್ಕರೆ ಕಾಯಿಲೆಯಿರುವವರು ನೆನಪಿಡಬೇಕು.
• ಮಂಡಿ ನೋವಿಗೆ ತಿನ್ನುವ ಕೆಲವು ನೋವಿನ ಮಾತ್ರೆಗಳೂ ದೇಹದಲ್ಲಿ ನೀರು ನಿಲ್ಲಿಸುತ್ತವೆ. ಕೇಳದೆ ತಿನ್ನಬೇಡಿ.

ಮನೆಯಲ್ಲಿ ಮಾಡಬಹುದಾದುದು

ಮಂಚದ ತಲೆಯ ಭಾಗವನ್ನು ಎತ್ತರಿಸಿ. ಅಂಗಾತ ಮಲಗುವುದಕ್ಕಿಂತ ಮಗ್ಗುಲಾಗಿ ಮಲಗಿದರೆ ಎರಡೂ ಬಗೆಯ ತೊಂದರೆ ಕಡಿಮೆಯಾಗುತ್ತದೆ. ಬಲಮಗ್ಗುಲಿಗೆ ಮಲಗುವುದು ನಮಗೆ ಸುನ್ನತ್ ಕೂಡ. ಎಡಮಗ್ಗುಲಿಗಿಂತ ಬಲಮಗ್ಗುಲೇ ಹಿತವೆಂದು ಅನೇಕ ಹೃದ್ರೋಗಿಗಳೂ ಹೇಳುತ್ತಾರೆ.

ದಿನಕ್ಕೆ ಉಪ್ಪು ಒಂದು ಟೀ ಚಮಚ, ಅಂದರೆ 5 ಗ್ರಾಂ ದಾಟಬಾರದು. ಉಪ್ಪಿನಕಾಯಿ, ಹಪ್ಪಳ, ಒಣಮೀನು, ಬೇಕರಿ ತಿಂಡಿ, ಮದುವೆಮನೆಯ ಬಿರಿಯಾನಿ ಎಲ್ಲವೂ ಆ ಲೆಕ್ಕದಲ್ಲಿ ಸೇರಿದೆ. ರಾತ್ರಿ ಊಟ ಬೇಗ ಮತ್ತು ಹಗುರವಾಗಿರಲಿ. ಬೀಡಿ, ಸಿಗರೇಟು, ಗುಟ್ಕಾ ಬಿಡಲೇಬೇಕು.

ಪ್ರತಿದಿನ ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ, ತಿಂಡಿಗೆ ಮೊದಲು, ತೂಕ ನೋಡಿ ಬರೆದಿಡಿ. ಮೂರು ದಿನಗಳಲ್ಲಿ 2 ಕಿಲೋಗಿಂತ ಹೆಚ್ಚು ಏರಿದರೆ ಅದು ಮಾಂಸವಲ್ಲ, ನೀರು. ಅಂದೇ ವೈದ್ಯರಿಗೆ ತಿಳಿಸಿ.

ರಮಝಾನ್ ಉಪವಾಸದ ವಿಷಯದಲ್ಲಿ ಒಂದು ತಿಂಗಳು ಮೊದಲೇ ವೈದ್ಯರನ್ನು ಕಾಣಿ. ರೋಗ ಹತೋಟಿಯಲ್ಲಿರುವ ಕೆಲವರಿಗೆ ಮಾತ್ರೆಯ ಹೊತ್ತು ಬದಲಿಸಿ ಉಪವಾಸಕ್ಕೆ ಅನುಮತಿ ಸಿಗಬಹುದು. ಏದುಸಿರು, ಬಾವು ಇರುವವರು, ಇತ್ತೀಚೆಗೆ ಆಸ್ಪತ್ರೆ ಸೇರಿದವರು ಉಪವಾಸ ಹಿಡಿಯುವುದು ಅಪಾಯ. ರೋಗಿಗಳಿಗೆ ವಿನಾಯಿತಿ ಕೊಟ್ಟವನು ಅಲ್ಲಾಹನೇ. ಅದನ್ನು ಸ್ವೀಕರಿಸುವುದು ಈಮಾನಿನ ಕೊರತೆಯಲ್ಲ. ಫಿದ್‌ಯಾದ ವಿವರವನ್ನು ಉಲಮಾಗಳಿಂದ ತಿಳಿದುಕೊಳ್ಳಿ.

ತಡಮಾಡಬಾರದ ಹೊತ್ತು

ಮಲಗಲಾಗದಷ್ಟು ಏದುಸಿರು, ಮಾತನಾಡಲಾಗದ ಸ್ಥಿತಿ, ತುಟಿ ನೀಲಿಯಾಗುವುದು, ನಸುಗೆಂಪು ನೊರೆಯ ಕಫ, ಎದೆನೋವು, ಪ್ರಜ್ಞೆ ತಪ್ಪುವುದು: ಇವುಗಳಲ್ಲಿ ಒಂದು ಕಂಡರೂ ರೋಗಿಯನ್ನು ನೇರವಾಗಿ ಕೂರಿಸಿ, 108ಕ್ಕೆ ಕರೆ ಮಾಡಿ. ಬೆಳಗಾಗಲಿ ಎಂದು ಕಾಯಬೇಡಿ.

ಖಾಲಾ ಅವರ ಪತಿಗೆ ಮೂತ್ರದ ಮಾತ್ರೆ ಮತ್ತೆ ಆರಂಭವಾಯಿತು, ಉಳಿದ ಔಷಧಗಳ ಪ್ರಮಾಣವೂ ಬದಲಾಯಿತು. ಕಾಲಿನ ಬಾವು ಇಳಿಯಿತು. ಬಳಿಕ ನಡೆದ ನಿದ್ರಾ ಪರೀಕ್ಷೆಯಲ್ಲಿ ಕೇಂದ್ರೀಯ ಬಗೆ ಎಂದು ಖಚಿತವಾಯಿತು, ಆದರೆ ಸೌಮ್ಯ ಪ್ರಮಾಣದಲ್ಲಿ. ಸದ್ಯಕ್ಕೆ ಯಂತ್ರ ಬೇಡವೆಂದು ತಜ್ಞರು ಹೇಳಿದರು. ಮಗ ಯಂತ್ರದ ಬದಲು ತೂಕ ನೋಡುವ ಯಂತ್ರವನ್ನು ಕಳುಹಿಸಿದ. ಕಳೆದ ಬಾರಿ ಬಂದಾಗ ಖಾಲಾ, "ಈಗ ನಾನೂ ಸ್ವಲ್ಪ ನಿದ್ದೆ ಮಾಡುತ್ತೇನೆ" ಎಂದರು.

ನಿಮ್ಮ ಮನೆಯಲ್ಲೂ ಹೃದ್ರೋಗಿಗಳಿದ್ದರೆ ಇಂದು ರಾತ್ರಿ ಹತ್ತು ನಿಮಿಷ ಅವರ ಉಸಿರನ್ನು ಗಮನಿಸಿ. ರೋಗಿ ತಾನು ನಿದ್ದೆಯಲ್ಲಿರುವುದನ್ನು ಕಾಣಲಾರ, ವೈದ್ಯರು ನಿಮ್ಮ ಮನೆಯಲ್ಲಿ ಇರುವುದಿಲ್ಲ. ಅದನ್ನು ಕಾಣಬಲ್ಲವರು ನೀವು ಮಾತ್ರ. ಅಲ್ಲಾಹನು ಎಲ್ಲ ರೋಗಿಗಳಿಗೂ ಶಿಫಾ ನೀಡಲಿ, ಅವರ ಸೇವೆ ಮಾಡುವವರಿಗೆ ಪ್ರತಿಫಲ ನೀಡಲಿ.